ಚೊಗರಿನ ಕಲೆ

ನಮ್ಮದು ಶಿರಸಿ ಕಡೆ ಅಡಿಕೆ ತೋಟ. ಮರಮರಕ್ಕೂ ಕಾಳುಮೆಣಸಿನ ಬಳ್ಳಿ. ಹೀಗಾಗಿ ಆಫೀಸಿನವರೆಲ್ಲ ನಂದಿಬೆಟ್ಟದ ಕಡೆ ವೈನ್ ರುಚಿ ನೋಡಲು ಹೊರಟಾಗ, ಶಿರಾಜ್ ದ್ರಾಕ್ಷಿಯ ವೈನಿನಲ್ಲಿ ಕಾಳುಮೆಣಸಿನ ವಾಸನೆ ಇರುತ್ತದೆ ಎಂದು ಕೇಳಿ ನಾನು ಬೀಗಿದ್ದೆ. ಈ ಪರೀಕ್ಷೆಯಲ್ಲಿ ನನ್ನನ್ನು ಫೇಲ್ ಮಾಡುವವರು ಯಾರು?

ಮೊದಲ ಗ್ಲಾಸಿಗೇ ಮೂಗು ಇಳಿಸಿ "ಕಾಳುಮೆಣಸು!" ಎಂದು ಕೂಗಿದೆ. ಅದು ಕ್ಯಾಬರ್ನೆ ಸೋವಿನ್ಯೋನ್ ಎಂಬ ದ್ರಾಕ್ಷಿಯ ವೈನ್ ಅಂತೆ. "ಇದರಲ್ಲಿ ಕೆಲವೊಮ್ಮೆ ದೊಣ್ಣೆಮೆಣಸಿನ ವಾಸನೆ ಬರುತ್ತೆ ಸರ್" ಎಂದು ವೈನ್ ಸುರಿಯುತ್ತಿದ್ದ ಹುಡುಗಿ ಸಮಾಧಾನ ಮಾಡಿದಳು. ಮೆಣಸಂತೂ ಸಿಕ್ಕಿತಲ್ಲ! ಈ ದ್ರಾಕ್ಷಿಗೆ ಅಪ್ಪ ಅಮ್ಮ ಯಾರೆಂದು ಗೊತ್ತಾಗಿದ್ದು 1997ರಲ್ಲಿ, ಡಿಎನ್‌ಎ ಪರೀಕ್ಷೆಯಿಂದ. ಒಂದು ಕಪ್ಪು ದ್ರಾಕ್ಷಿ, ಇನ್ನೊಂದು ಬಿಳಿ ದ್ರಾಕ್ಷಿ. ಜಾತಕ ನೋಡದೆ ಆದ ಸಂಬಂಧ.

ಮೆರ್ಲೊ ದ್ರಾಕ್ಷಿಯ ವೈನ್ ಮೆತ್ತಗೆ, ಪ್ಲಮ್ ಹಣ್ಣಿನ ಹಾಗೆ. ಪೀನೊ ನ್ವಾರ್ ದ್ರಾಕ್ಷಿಗೆ ಸಿಪ್ಪೆ ತೆಳು, ಅದಕ್ಕೇ ಬಣ್ಣವೂ ತೆಳು. ಸ್ಟ್ರಾಬೆರಿ, ಚೆರ್ರಿ ಎಂದರು, ಇರಬಹುದು.

ಕೊನೆಗೆ ಶಿರಾಜ್ ಬಂತು. "ಆಹಾ, ಪೆಪ್ಪರ್!" ಎಂದರು ಎಲ್ಲರೂ. ನನಗೆ ಏನೂ ಇಲ್ಲ. ಗ್ಲಾಸು ಗಿರಗಿರ ತಿರುಗಿಸಿದೆ, ಮೂಗಿನ ತುದಿ ಒದ್ದೆಯಾಯಿತು, ಅಷ್ಟೇ. ಆಮೇಲೆ ಓದಿದೆ: ಆ ವಾಸನೆಗೆ ಕಾರಣ ರೋಟಂಡೋನ್ ಎಂಬ ವಸ್ತು. ಕಾಳುಮೆಣಸಿನಲ್ಲಿ ಇರುವುದೂ ಅದೇ. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ಸಿಗುವುದೇ ಇಲ್ಲವಂತೆ. ಹಾಗಾದರೆ ಇಷ್ಟು ವರ್ಷ ನಮ್ಮ ಅಟ್ಟದಲ್ಲಿ ನಾನು ಮೂಸಿದ್ದೇನು?

ಆದರೆ ನಾಲಿಗೆ ಕೈಬಿಡಲಿಲ್ಲ. "ಬಾಯಿ ಒಣಗಿದ ಹಾಗಾಯ್ತಾ? ಅದು ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರೋದು" ಎಂದಳು ಹುಡುಗಿ. ಅಯ್ಯೋ, ಇದು ನಮ್ಮ ಅಡಿಕೆಯ ಒಗರು ಅಲ್ವಾ! ರುಚಿ ನೋಡಿ ಉಗಿಯಲು ಒಂದು ಬಕೆಟ್ ಬೇರೆ ಇಟ್ಟಿದ್ದರು. ಉಳಿದವರು ನಾಚಿಕೊಂಡು ಗಲ್ಲದ ಮೇಲೆ ಸುರಿಸಿಕೊಳ್ಳುತ್ತಿದ್ದರು. ಮೂರು ತಲೆಮಾರು ಕವಳ, ಅಂದರೆ ಎಲೆಅಡಿಕೆ, ಹಾಕಿದ ಮನೆತನ ನಮ್ಮದು. ಎರಡು ಅಡಿ ದೂರದಿಂದ ಒಂದು ಹನಿಯೂ ಚೆಲ್ಲದೆ ಬಕೆಟ್ಟಿಗೆ ಹಾಕಿದೆ. ಚಪ್ಪಾಳೆ ಬಿತ್ತು. "ಇನ್ನೊಂದ್ಸಲ" ಎಂದರು. ಸುಮ್ನೆ ಇರಬೇಕಿತ್ತು. ಬಾಯ್ತುಂಬ ಶಿರಾಜ್ ಇದ್ದಾಗ ಯಾರೋ ನಗಿಸಿದರು. ನಾನು ಹಾಕಿಕೊಂಡಿದ್ದು ಬಿಳಿ ಶರ್ಟು.

ಮೂರು ಸಲ ಒಗೆದು, ನಿಂಬೆಹಣ್ಣು ತಿಕ್ಕಿ, ಅದನ್ನೇ ಹಾಕಿಕೊಂಡು ಊರಿಗೆ ಹೋದೆ. ಅಡಿಕೆ ಬೇಯಿಸುವ ಕಾಲ. ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ರಸಕ್ಕೆ ನಮ್ಮಲ್ಲಿ ಚೊಗರು ಅನ್ನುತ್ತಾರೆ. ಅಮ್ಮ ಬಾಗಿಲಲ್ಲೇ ಎದೆಯ ಕಲೆ ನೋಡಿದಳು.

"ಬರ್ತಾ ಬರ್ತಾನೇ ಹಂಡೆ ಹತ್ರ ಯಾಕೆ ಹೋದೆ? ನೋಡು, ಚೊಗರು ಹತ್ತಿದೆ. ಇನ್ನು ಹೋಗಲ್ಲ ಅದು."

"ಹೂಂ" ಎಂದೆ.