ಬೆಂಗಳೂರಿಗೆ ಅಭಿಮಾನಿಗಳಿಲ್ಲ ಅಂದರೆ ಹೇಗೆ?

ಬೆಂಗಳೂರಿನವರಿಗೆ ಐಪಿಎಲ್ ಬಿಟ್ಟರೆ ಬೇರೆ ಆಟವೇ ಬೇಡ ಅಂತ ಬರೆದಿದ್ದೀರಿ ಸಾರ್, ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ಒಮ್ಮೆ ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ. ಅಲ್ಲಿ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯೇ ಇದೆ. ಬೀದಿ ತುಂಬಾ ಬ್ರೆಜಿಲ್‌ನ ಹಸಿರು-ಹಳದಿ ಬಾವುಟ, ತಾತ ಮೊಮ್ಮಗ ಒಟ್ಟಿಗೆ ಕೂತು ಮ್ಯಾಚ್ ನೋಡುತ್ತಾರೆ. ಇದು ನಿನ್ನೆ ಮೊನ್ನೆಯದಲ್ಲ. ಹಿಂದೆ ಮೈಸೂರು ಅನ್ನುವ ಹೆಸರಲ್ಲಿ ನಮ್ಮ ರಾಜ್ಯದ ತಂಡ ನಾಲ್ಕು ಸಲ ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು, ಆಮೇಲೆ 54 ವರ್ಷ ಕಾದು 2023ರಲ್ಲಿ ಮತ್ತೆ ಗೆದ್ದೆವು. ಅಷ್ಟು ಕಾಲ ಆಟ ಉಳಿದದ್ದು ಇಂಥ ಬೀದಿಗಳಿಂದಲೇ ಅಲ್ವಾ?

ಕಂಠೀರವದಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ ಆಡುವಾಗ ಕಟ್ಟಾ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್ ಸ್ಟ್ಯಾಂಡ್‌ನಲ್ಲಿ ನಿಂತಿದ್ದೇನೆ. ಡ್ರಮ್ ಬಡಿತ ಎದೆಗೇ ತಾಗುತ್ತದೆ, ಸೋಲುವಾಗಲೂ ಯಾರೂ ಕೂರುವುದಿಲ್ಲ, ಗಂಟಲು ಕಟ್ಟಿಕೊಂಡೇ ಮನೆಗೆ ಬರೋದು.

ಕ್ರಿಕೆಟ್‌ನಲ್ಲೂ ರಣಜಿ ಪಂದ್ಯಕ್ಕೆ ಈಗ ಜನ ಕಡಿಮೆ, ಅದು ನಿಜ, ನನಗೂ ಬೇಜಾರಿದೆ. ಆದರೆ ಸತತ 15 ಸಲ ಗೆದ್ದಿದ್ದ ಬಾಂಬೆಯನ್ನು 1974ರಲ್ಲಿ ಪ್ರಸನ್ನ, ಚಂದ್ರಶೇಖರ್ ಅವರಿದ್ದ ಕರ್ನಾಟಕ ತಂಡ ಇದೇ ಊರಲ್ಲಿ ತಡೆದದ್ದನ್ನು ನಮ್ಮಪ್ಪ ಇವತ್ತಿಗೂ ಓವರ್ ಲೆಕ್ಕದಲ್ಲಿ ಹೇಳುತ್ತಾರೆ. ಅವರನ್ನು ಅಭಿಮಾನಿ ಅಲ್ಲ ಅನ್ನುತ್ತೀರಾ?