ಕೆಂಪು ಬೊಟ್ಟು

ನಮ್ಮ ಸೋದರತ್ತೆಯ ಪಾಲಿಗೆ ಚಿತ್ರಪ್ರದರ್ಶನವೆಂದರೆ ಕುಮಾರಕೃಪಾ ರಸ್ತೆಯ ಚಿತ್ರಸಂತೆ. ಜನವರಿಯ ಒಂದು ಭಾನುವಾರ ರಸ್ತೆಯುದ್ದಕ್ಕೂ ಹರಡಿಕೊಳ್ಳುವ ಆ ಸಂತೆಯಲ್ಲಿ ಸೊಪ್ಪು ಕೊಳ್ಳುವಾಗಿನಂತೆಯೇ ಚೌಕಾಸಿ ಮಾಡಬಹುದು, ಗಿಟ್ಟದಿದ್ದರೆ ಮುಂದಿನ ಮರದಡಿಗೆ ನಡೆಯಬಹುದು. ಅಂಥವರನ್ನು ತಣ್ಣಗಿನ ಗ್ಯಾಲರಿಯೊಂದರ ಸಮಕಾಲೀನ ಚಿತ್ರಗಳ ಮುಂದೆ ತಂದು ನಿಲ್ಲಿಸಿದ ತಪ್ಪು ನನ್ನದೇ.

ಹಿಂದಿನ ರಾತ್ರಿ ನಾನು ಪರೀಕ್ಷೆಗೆ ಕೂರುವವನಂತೆ ಓದಿಕೊಂಡಿದ್ದೆ. 1905ರಲ್ಲಿ ಡ್ರೆಸ್ಡೆನ್ ನಗರದ ನಾಲ್ವರು ವಾಸ್ತುಶಿಲ್ಪ ವಿದ್ಯಾರ್ಥಿಗಳು ‘ಸೇತುವೆ’ ಎಂಬರ್ಥದ ಹೆಸರಿನ ಗುಂಪು ಕಟ್ಟಿದ್ದನ್ನೂ, ಕಣ್ಣಿಗೆ ಕಂಡದ್ದಕ್ಕಿಂತ ಮನಸ್ಸಿನ ತಳಮಳವೇ ಬಣ್ಣವಾಗಬೇಕೆಂಬ ಅಭಿವ್ಯಕ್ತಿವಾದ ಅಲ್ಲಿ ಬಲಗೊಂಡದ್ದನ್ನೂ ಮೊದಲ ಚಿತ್ರದೆದುರೇ ವಿವರಿಸಿ ಮುಗಿಸಿ ತಿರುಗಿದರೆ, ಅತ್ತೆ ಪಕ್ಕದಲ್ಲಿರಲಿಲ್ಲ.

ಅವರು ಆಗಲೇ ಇಡೀ ಕೋಣೆ ಸುತ್ತಿ ಬಂದಿದ್ದರು. ಕೆಲವು ಚಿತ್ರಗಳ ಹೆಸರುಚೀಟಿಯ ಮೇಲೆ ಪುಟ್ಟ ಕೆಂಪು ಚುಕ್ಕಿಗಳಿದ್ದವು. ಬಚ್ಚಲುಮನೆಯ ಕನ್ನಡಿಯಿಂದ ಸೊಸೆಯಂದಿರ ಸ್ಟಿಕ್ಕರ್ ಬೊಟ್ಟುಗಳನ್ನು ದಿನವೂ ಕೆರೆದು ಬೇಸತ್ತಿದ್ದ ಅತ್ತೆ, “ಇಲ್ಲೂ ಅದೇ ಗೋಳು” ಎಂದುಕೊಂಡು ಮೂರನ್ನು ಉಗುರಿನಿಂದ ಅಚ್ಚುಕಟ್ಟಾಗಿ ಎಬ್ಬಿಸಿದ್ದರು. ಗ್ಯಾಲರಿಗಳಲ್ಲಿ ಕೆಂಪು ಚುಕ್ಕಿಯೆಂದರೆ ಚಿತ್ರ ಮಾರಾಟವಾಗಿದೆ ಎಂದರ್ಥ. ಉಸ್ತುವಾರಿಯ ಹುಡುಗನ ಮುಖ ಬಿಳಿಚಿಕೊಂಡಿತು. ಪಟ್ಟಿ ಮಾಲೀಕರ ಲ್ಯಾಪ್‌ಟಾಪಿನಲ್ಲಿತ್ತು. ಮಾಲೀಕರು ಊಟಕ್ಕೆ ಹೋಗಿದ್ದರು.

ಒಂದು ಚೀಟಿಯನ್ನೂ ಬಿಡದೆ ಓದಿದ್ದ ನನಗೆ ಏನೂ ನೆನಪಾಗಲಿಲ್ಲ. ಮುಕ್ಕಾಲು ಪಾಲು ಚಿತ್ರಗಳ ಹೆಸರು ‘ಶೀರ್ಷಿಕೆರಹಿತ’ ಎಂದೇ ಇತ್ತು. ಅತ್ತೆಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ.

“ಹುಣಸೆಹಣ್ಣು ಕಿವುಚಿ ಗೋಡೆಗೆ ಎಸೆದ ಹಾಗಿದೆಯಲ್ಲ, ಅದೊಂದು. ಹಳದಿಯನ್ನು ಅಕ್ಕಿರೊಟ್ಟಿಯಂತೆ ದಪ್ಪಗೆ ತಟ್ಟಿ ಬೆರಳಿನ ಗುರುತು ಬಿಟ್ಟಿದ್ದಾರಲ್ಲ, ಅದೊಂದು. ಬಾಗಿಲ ಪಕ್ಕದ್ದು ಇನ್ನೊಂದು.”

ರೊಟ್ಟಿಯ ಹತ್ತಿರ ಹೋಗಿ ನೋಡಿದೆ. ಹಳದಿ ತೈಲವರ್ಣದ ದಪ್ಪ ಪದರದಲ್ಲಿ ನಾಲ್ಕು ಬೆರಳುಗಳ ಗುಳಿಗಳು ಸಾಲಾಗಿದ್ದವು. ಇನ್ನೂ ಎಣ್ಣೆಯ ವಾಸನೆಯಿತ್ತು. ಅಷ್ಟು ದಪ್ಪಗೆ ಮೆತ್ತಿದ ಬಣ್ಣ ಮೇಲೆ ಕೆನೆಗಟ್ಟಿದರೂ ಒಳಗೆ ಒಣಗಲು ತಿಂಗಳುಗಟ್ಟಲೆ ಬೇಕು. ಅತ್ತೆಯ ಉಗುರು ಚೀಟಿಯಿಂದ ನಾಲ್ಕಂಗುಲ ಮೇಲಕ್ಕೆ ಹೋಗದಿದ್ದದ್ದು ನಮ್ಮ ಪುಣ್ಯ.

ಅತ್ತೆ ತಮ್ಮ ವ್ಯಾನಿಟಿ ಬ್ಯಾಗಿನಿಂದ ಬೊಟ್ಟಿನ ಹಾಳೆ ತೆಗೆದು, ತಾವೇ ಹೋಗಿ ಅಂಟಿಸಿ ಬಂದರು. ಬಣ್ಣ ಸ್ವಲ್ಪ ಮರೂನ್ ಆಯಿತೆಂಬುದನ್ನು ಬಿಟ್ಟರೆ ಕುಂದೇನೂ ಇರಲಿಲ್ಲ.

ಊಟ ಮುಗಿಸಿ ಬಂದ ಮಾಲೀಕರು ಎಣಿಸಿದರು. ಪಟ್ಟಿಯಲ್ಲಿ ಮೂರು, ಗೋಡೆಯಲ್ಲಿ ನಾಲ್ಕು. ನಾಲ್ಕನೆಯದು ಮೂಲೆಯಲ್ಲಿದ್ದ ಕಪ್ಪು-ನೀಲಿ ಚಿತ್ರ. ನನಗೆ ಅಲ್ಲಿಯವರೆಗೆ ಬರೀ ಮಸಿಯಾಗಿ ಕಂಡಿದ್ದರಲ್ಲಿ ಈಗ ನೋಡಿದರೆ ಒಂದು ತುರುಬು, ಬಾಗಿದ ಭುಜ, ನಮ್ಮತ್ತ ಬೆನ್ನು ಹಾಕಿ ಕೂತ ಹೆಂಗಸು. ಬೆಲೆ 1,40,000 ರೂಪಾಯಿ.

“ಅಷ್ಟು ಚೆನ್ನಾಗಿದೆ, ದೃಷ್ಟಿಯಾಗದಿರಲಿ ಅಂತ ನಾನೇ ಇಟ್ಟೆ ಕಣೋ” ಎಂದರು ಅತ್ತೆ.

ಮಾಲೀಕರು ಅದಾಗಲೇ ನನ್ನ ಕೈಕುಲುಕಿ ಅಭಿನಂದಿಸುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸೆರಗು ಸರಿಪಡಿಸಿಕೊಂಡು ಮುಂದೆ ಬಂದರು.

“ಅದಿರಲಿ, ಕೊಡೋ ರೇಟು ಹೇಳಪ್ಪಾ.”