ಬುಷ್ ಕೇಳಿದರೆ ಬಣ್ಣ ತೋರಿಸುತ್ತಾರೆ

ಬುಷ್ ಎಂದರೆ ಕಾರಿನ ಸಸ್ಪೆನ್ಷನ್ನಿನ ಕೀಲುಗಳಲ್ಲಿ ಕೂರುವ, ಮುಷ್ಟಿಯೊಳಗೆ ಹಿಡಿಸುವ ರಬ್ಬರ್ ತುಂಡು. ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು ಕೊಳವೆ, ನಡುವೆ ರಬ್ಬರ್. ಹಳೆಯ ಕಾರಿನ ಲೋವರ್ ಆರ್ಮ್‌ಗೆ, ಅಂದರೆ ಚಕ್ರವನ್ನು ಚಾಸಿಸ್‌ಗೆ ಜೋಡಿಸುವ ಕೆಳಗಿನ ತೋಳಿಗೆ, ಅದೊಂದು ಬೇಕು ಎಂದು ಅಂಗಡಿಯಲ್ಲಿ ಕೇಳಿದರೆ, ಇಡೀ ಆರ್ಮ್ ತಂದು ಮುಂದಿಡುತ್ತಾರೆ. ‘ಬುಷ್ ಬೇರೆಯಾಗಿ ಬರುವುದಿಲ್ಲ ಸರ್, ಸೆಟ್ಟೇ ಬರುವುದು.’ ಹಲ್ಲುನೋವೆಂದು ಹೋದವನಿಗೆ ದವಡೆಯನ್ನೇ ಬದಲಿಸಿ ಎಂದ ಹಾಗಾಯಿತು. ಆರ್ಮ್‌ನ ಚಕ್ರದ ಕಡೆಯ ತುದಿಯಲ್ಲಿರುವ ಗುಂಡು ಕೀಲು, ಬಾಲ್ ಜಾಯಿಂಟ್, ಕೂಡ ಸವೆದಿದ್ದರೆ ಇಡೀ ಆರ್ಮ್ ಹಾಕಿಸುವುದೇ ಜಾಣತನ, ಒಪ್ಪುತ್ತೇನೆ. ಆದರೆ ನನ್ನ ಕಾರಿನಲ್ಲಿ ಅದು ಗಟ್ಟಿಮುಟ್ಟಾಗಿದೆ, ಆರ್ಮ್ ಎಲ್ಲಿಯೂ ಬಾಗಿಲ್ಲ, ತುಕ್ಕೂ ತಿಂದಿಲ್ಲ. ಬಿರುಕು ಬಿಟ್ಟಿರುವುದು ರಬ್ಬರ್ ಮಾತ್ರ. ಹಳ್ಳಕ್ಕೆ ಇಳಿದಾಗಲೆಲ್ಲ ಟಕ್ಕೆನ್ನುವ ಸದ್ದು, ಬ್ರೇಕ್ ಒತ್ತಿದರೆ ಒಂದು ಕಡೆಗೆ ಎಳೆತ, ಟೈರಿನ ಒಳಅಂಚು ಮಾತ್ರ ಸವೆಯುತ್ತಿರುವುದು, ಎಲ್ಲವೂ ಅದರ ಪ್ರಸಾದ.

ಬುಷ್ ಬೇರೆಯಾಗಿಯೇ ಬೇಕೆಂದು ಹಟ ಹಿಡಿದರೆ ಮುಂದಿನ ಅಸ್ತ್ರ ಹೊರಬರುತ್ತದೆ: ಪಾಲಿಯುರೆಥೇನ್, ಅಂದರೆ ರಬ್ಬರಿಗಿಂತ ಗಟ್ಟಿಯಾದ ಒಂದು ಬಗೆಯ ಪ್ಲಾಸ್ಟಿಕ್, ಚಿಕ್ಕದಾಗಿ ‘ಪಾಲಿ’. ಕೆಂಪು, ಹಳದಿ, ನೇರಳೆ. ‘ಇದನ್ನು ಹಾಕಿಸಿ, ಕಾರು ಇರುವ ತನಕ ತಿರುಗಿ ನೋಡಬೇಕಾಗಿಲ್ಲ.’ ಮಾರುವವನಿಗೆ ಬುಷ್ ಹೇಗೆ ಕೆಲಸ ಮಾಡುತ್ತದೆ ಎಂಬುದಾದರೂ ಗೊತ್ತಿರಬೇಡವೇ? ರಬ್ಬರ್ ಬುಷ್‌ನಲ್ಲಿ ಯಾವುದೂ ಜಾರುವುದಿಲ್ಲ. ರಬ್ಬರ್ ಎರಡೂ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಂತೆ ತಾನೇ ತಿರುಚಿಕೊಂಡು ಮತ್ತೆ ಸರಿಯಾಗುತ್ತದೆ. ಪಾಲಿ ಬುಷ್ ಸಾಮಾನ್ಯವಾಗಿ ಹಾಗೆ ಅಂಟಿರುವುದಿಲ್ಲ, ಅದು ಕೊಳವೆಯ ಮೇಲೆ ಜಾರಿ ತಿರುಗಬೇಕು. ಅದಕ್ಕೆ ಗ್ರೀಸ್ ಬೇಕು. ಗ್ರೀಸ್ ಒಣಗಿತೆಂದರೆ ಪ್ರತಿ ಉಬ್ಬಿನ ಮೇಲೂ ಕಿರ್ರೆನ್ನುತ್ತದೆ. ತಿರುಗಿ ನೋಡಬೇಕಾಗಿಲ್ಲವಂತೆ!

ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು, ಸ್ಟೆಬಿಲೈಸರ್ ಬಾರ್, ಅದರ ಬುಷ್‌ಗೆ ಪಾಲಿ ಹಾಕಿಸಲು ನನ್ನ ತಕರಾರಿಲ್ಲ. ಅಲ್ಲಿ ಬಾರ್ ಒಂದೇ ಅಕ್ಷದ ಸುತ್ತ ತಿರುಗುತ್ತದೆ, ಗ್ರೀಸ್ ಹಚ್ಚುವುದೂ ಸುಲಭ. ಬಾರ್‌ನ ದಪ್ಪವನ್ನು ಅಳೆದು ಕೊಂಡರೆ ಸಾಕು. ಆದರೆ ಕೆಲವು ಆರ್ಮ್‌ಗಳ ಬುಷ್ ಒಂದು ದಿಕ್ಕಿನಲ್ಲಿ ಮೆತ್ತಗೆ, ಇನ್ನೊಂದು ದಿಕ್ಕಿನಲ್ಲಿ ಬಿಗಿಯಾಗಿ ಇರಬೇಕೆಂದೇ ತಯಾರಕರು ರಬ್ಬರಿನಲ್ಲಿ ಟೊಳ್ಳು ಬಿಟ್ಟಿರುತ್ತಾರೆ. ಚಕ್ರವನ್ನು ಮುಂದಿನಿಂದ ಹಿಡಿದಿಡುವ ಟ್ರೇಲಿಂಗ್ ಆರ್ಮ್‌ಗಳಲ್ಲಿ ಎಲ್ಲ ಕಡೆಗೂ ಬಾಗಬೇಕಾದ ಬುಷ್‌ಗಳೂ ಇವೆ. ಅಂಥ ಜಾಗಕ್ಕೆ ಗಟ್ಟಿ ಬಿಲ್ಲೆಯೊಂದನ್ನು ತುರುಕಿದರೆ ಆರ್ಮ್ ಆಡುವುದೇ ಕಷ್ಟ. ರಸ್ತೆಯ ಪೆಟ್ಟೆಲ್ಲ ನೇರವಾಗಿ ಚಾಸಿಸ್‌ಗೆ, ಅಲ್ಲಿಂದ ನನ್ನ ಬೆನ್ನಿಗೆ.

ಸರಿ, ಗಡಸುತನ ಎಷ್ಟು ಎಂದು ಕೇಳೋಣ. ಇದಕ್ಕೆ ಶೋರ್ ಎ ಎಂಬ ಅಳತೆಯೇ ಇದೆ, ಸಂಖ್ಯೆ ಹೆಚ್ಚಿದಷ್ಟೂ ವಸ್ತು ಗಟ್ಟಿ. ರಬ್ಬರ್ ಬುಷ್‌ಗಳು ಹೆಚ್ಚುಕಡಿಮೆ 50ರಿಂದ 70ರ ನಡುವೆ ಇರುತ್ತವೆ, ಪಾಲಿ ಬಹುತೇಕ 80ರಿಂದ 95. ಈ ಒಂದು ಸಂಖ್ಯೆ ಡಬ್ಬದ ಮೇಲಿದ್ದರೆ ಅರ್ಧ ಜಗಳ ಮುಗಿಯುತ್ತಿತ್ತು. ಡಬ್ಬದ ಮೇಲಿರುವುದು ‘ಹೆವಿ ಡ್ಯೂಟಿ’, ‘ಪ್ರೀಮಿಯಂ’ ಮತ್ತು ಒಂದು ರೇಸ್ ಕಾರಿನ ಚಿತ್ರ. ಅಂಗಡಿಯವನನ್ನು ಕೇಳಿದೆ. ‘ಕೆಂಪು ಗಟ್ಟಿ, ಹಳದಿ ಮೆತ್ತಗೆ’ ಎಂದ. ಬಣ್ಣ ಎಂದರೆ ಕಂಪನಿ ಬೆರೆಸಿದ ಪುಡಿ. ಒಬ್ಬನ ಕೆಂಪು ಇನ್ನೊಬ್ಬನ ಹಳದಿಗಿಂತ ಮೆತ್ತಗಿರಬಹುದು. ಒಪ್ಪದೆ ನಿಂತಾಗ ‘ಒತ್ತಿ ನೋಡಿ ಸರ್’ ಎಂದು ಬುಷ್ ಅನ್ನು ನನ್ನ ಕೈಗಿಟ್ಟ. ಕಾರಿನ ಭಾರ, ಬ್ರೇಕಿನ ಎಳೆತ ತಾಳಬೇಕಾದ ವಸ್ತುವನ್ನು ಹೆಬ್ಬೆರಳಿನಿಂದ ಪರೀಕ್ಷಿಸಬೇಕಂತೆ.

ಇನ್ನು ‘ಒರಿಜಿನಲ್, ಹಳೇ ಸ್ಟಾಕ್, ಸೀಲ್ ಕೂಡ ಒಡೆದಿಲ್ಲ’ ಎಂದು ಹೆಮ್ಮೆಯಿಂದ ಧೂಳು ಕೊಡವಿ ಕೊಡುವವರು. ರಬ್ಬರ್ ಕಪಾಟಿನಲ್ಲಿ ಕುಳಿತರೂ ಮುದಿಯಾಗುತ್ತದೆ, ಆಮ್ಲಜನಕ ಮತ್ತು ಓಝೋನ್ ಅದರ ಕೆಲಸವನ್ನು ಸದ್ದಿಲ್ಲದೆ ಮುಗಿಸುತ್ತವೆ. ಟೈರಿನ ಪಕ್ಕೆಯಲ್ಲಿ 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದೆಂದು ಯಾರು ಬೇಕಾದರೂ ಓದಬಹುದು. ಅದೇ ಕಾರಿನ ಬುಷ್‌ನ ಮೇಲೆ ಮಾತ್ರ ಹಾಗೆ ಓದಬಲ್ಲ ಹುಟ್ಟಿದ ದಿನಾಂಕ ನನಗೆ ಸಿಕ್ಕಿಲ್ಲ. ಕೇಳಿದರೆ ನನ್ನನ್ನೇ ವಿಚಿತ್ರ ಪ್ರಾಣಿಯಂತೆ ನೋಡುತ್ತಾರೆ.

ಇಷ್ಟೆಲ್ಲ ದಾಟಿ ಒಳ್ಳೆಯ ಬುಷ್ ಸಿಕ್ಕಿತೆನ್ನಿ. ಗ್ಯಾರೇಜಿನಲ್ಲಿ ಅದಕ್ಕೆ ಮೋಕ್ಷ ಕಾದಿರುತ್ತದೆ. ಬುಷ್ ಅನ್ನು ಒತ್ತಿ ಕೂರಿಸುವ ಪ್ರೆಸ್ ಇದ್ದರೂ ಸುತ್ತಿಗೆ ಎತ್ತಿಕೊಳ್ಳುವವರ ಮಾತು ಬಿಡಿ. ಟೊಳ್ಳು ಯಾವ ದಿಕ್ಕಿಗೆ ಇರಬೇಕೆಂದು ನೋಡದವರದೂ ಬಿಡಿ. ರೇಗಿಸುವುದು ಬೋಲ್ಟ್ ಬಿಗಿಸುವ ರೀತಿ. ಕಾರು ಲಿಫ್ಟ್ ಮೇಲೆ, ಚಕ್ರಗಳು ಜೋತುಬಿದ್ದಿವೆ, ಆಗಲೇ ಗಟ್ಟಿಯಾಗಿ ಬಿಗಿಸಿಬಿಡುತ್ತಾರೆ. ರಬ್ಬರ್ ಕೊಳವೆಗೆ ಅಂಟಿರುವುದರಿಂದ, ಕಾರು ನೆಲಕ್ಕೆ ಇಳಿದ ಕೂಡಲೇ ಅದು ತಿರುಚಿಕೊಂಡೇ ನಿಲ್ಲುತ್ತದೆ. ನಿಂತಾಗಲೂ ತಿರುಚು, ಓಡುವಾಗ ಮತ್ತಷ್ಟು. ಬೇಗನೆ ಹರಿಯದೆ ಇನ್ನೇನಾದೀತು? ಆರ್ಮ್ ಅನ್ನು ಕಾರು ನಿಲ್ಲುವ ಎತ್ತರಕ್ಕೆ ತಂದು ಕೊನೆಯ ಬಿಗಿತ ಕೊಡಿ ಎಂದರೆ, ‘ನಾವು ಯಾವಾಗಲೂ ಹೀಗೇ ಮಾಡುವುದು’ ಎಂಬ ಉತ್ತರ. ಹೌದು ಮಹಾರಾಯ, ಅದಕ್ಕೇ ಹಾಕಿಸಿದ ಬುಷ್ ಯಾವಾಗಲೂ ಹರಿಯುವುದು.

ಹರಿದ ಮೇಲೆ ಶುರುವಾಗುವ ನಾಟಕವೇ ಬೇರೆ. ಗ್ಯಾರೇಜಿನವನು ‘ಡೂಪ್ಲಿಕೇಟ್ ಮಾಲು’ ಎನ್ನುತ್ತಾನೆ, ಅಂಗಡಿಯವನು ‘ಜೋಡಿಸಿದ್ದು ಸರಿಯಿಲ್ಲ’ ಎನ್ನುತ್ತಾನೆ. ಬುಷ್, ಕೂಲಿ, ಮತ್ತೊಮ್ಮೆ ಮಾಡಿಸಬೇಕಾದ ವೀಲ್ ಅಲೈನ್‌ಮೆಂಟ್, ಅಷ್ಟರಲ್ಲಿ ಬೋಳಾದ ಟೈರ್, ನಾಲ್ಕು ಬಿಲ್ಲುಗಳ ಮೇಲೂ ನನ್ನ ಹೆಸರೇ.